ಜೊಲ್ಲಿನ ಟೆಸ್ಟಿನಲ್ಲಿ ಮೆಡಲ್ ಕಾಣುತ್ತಾ?

ಏಪ್ರಿಲ್ ರಜೆ ಶುರುವಾಗಿ ಎರಡು ದಿನ ಆಗಿತ್ತು. ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯವರು ಕೈಯಲ್ಲೊಂದು ಫೈಲ್ ಹಿಡಿದುಕೊಂಡು ಮನೆಗೆ ಬಂದರು. ಹಿಂದೆಯೇ ಹನ್ನೊಂದು ವರ್ಷದ ಮಗಳು, ಮುಖ ಊದಿಸಿಕೊಂಡು.

“ಅಕ್ಕಾ, ನೀವು ಸೈನ್ಸ್ ಬಗ್ಗೆ ಬರೀತೀರಲ್ಲ, ಇದೊಂಚೂರು ನೋಡಿ. ಇವಳ ಜೀನಲ್ಲೇ ಜಂಪ್ ಇಲ್ವಂತೆ. ಲಾಂಗ್ ಜಂಪ್ ಬಿಡಿಸಿ ಬೇರೆ ಯಾವುದಕ್ಕಾದ್ರೂ ಸೇರಿಸ್ಲಾ?”

ಫೈಲಿನಲ್ಲಿ ಹದಿನಾಲ್ಕು ಪುಟ. ಪುಟ್ಟ ಟ್ಯೂಬಿನಲ್ಲಿ ಮಗುವಿನ ಜೊಲ್ಲು ಕಳಿಸಿ, ಎಂಟು ಸಾವಿರ ರೂಪಾಯಿ ಕಟ್ಟಿ, ಮೂರು ವಾರ ಕಾದ ಮೇಲೆ ಬಂದ ಡಿಎನ್‌ಎ ರಿಪೋರ್ಟು. ಆರನೇ ಪುಟದಲ್ಲಿ ಕೆಂಪು ಪಟ್ಟಿಯೊಳಗೆ ಹೀಗಿತ್ತು: ‘ಎಸಿಟಿಎನ್3 – ಎಕ್ಸ್‌ಎಕ್ಸ್. ವೇಗ ಮತ್ತು ಶಕ್ತಿಯ ಆಟಗಳಿಗೆ ಕಡಿಮೆ ಸೂಕ್ತ.’ ಪಕ್ಕದಲ್ಲಿ ಓಡುತ್ತಿರುವ ಗೊಂಬೆಯ ಚಿತ್ರ, ಅದರ ಮೇಲೊಂದು ಅಡ್ಡಗೆರೆ.

ಬೇಸಿಗೆ ಕ್ಯಾಂಪುಗಳ ಕಾಲ. ಈಜಾ, ಬ್ಯಾಡ್ಮಿಂಟನ್ನಾ, ಕ್ರಿಕೆಟ್ಟಾ ಅಂತ ತಲೆ ಕೆಡಿಸಿಕೊಂಡ ಅಪ್ಪ ಅಮ್ಮಂದಿರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇಂಥ ಟೆಸ್ಟುಗಳ ಜಾಹೀರಾತು ಓಡಾಡುತ್ತಿವೆ. ‘ಸುಮ್ನೆ ಬಿಡಿ, ಇದೆಲ್ಲ ಬೊಗಳೆ’ ಅಂತ ಹೇಳಿ ಕಳಿಸಬಹುದಿತ್ತು. ಆದರೆ ಆ ಕೆಂಪು ಪಟ್ಟಿ ಪೂರ್ತಿ ಸುಳ್ಳಲ್ಲ. ತೊಂದರೆ ಇರೋದೇ ಅಲ್ಲಿ. ಅದರಲ್ಲಿ ನಿಜ ಎಷ್ಟು ಅಂತ ತಿಳಿಯಬೇಕಾದರೆ ಒಬ್ಬ ಒಳ್ಳೆಯ ಆಟಗಾರನ ಮೈಯೊಳಗೆ ಏನೇನು ನಡೆಯುತ್ತದೆ ಅಂತ ಬುಡದಿಂದ ನೋಡಬೇಕು.

## ಮೊದಲು, ಜೀನ್ ಅಂದರೇನು

ಜೀನ್ ಅನ್ನು ಅಡುಗೆ ಪುಸ್ತಕದ ಒಂದು ಪುಟ ಅಂದುಕೊಳ್ಳಿ. ನಮ್ಮ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಇಂಥ ಸುಮಾರು 20,000 ಪುಟಗಳ ಪುಸ್ತಕ ಇದೆ. ಒಂದೊಂದು ಪುಟದಲ್ಲೂ ಒಂದೊಂದು ಪ್ರೋಟೀನ್ ಮಾಡುವ ವಿಧಾನ. ಬರೆದಿರುವುದು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ. ಆ ಬರಹವೇ ಡಿಎನ್‌ಎ. ಹೆಚ್ಚಿನ ಪುಟಗಳಿಗೆ ಎರಡು ಪ್ರತಿ ಇರುತ್ತವೆ, ಒಂದು ಅಮ್ಮನಿಂದ ಬಂದದ್ದು, ಇನ್ನೊಂದು ಅಪ್ಪನಿಂದ.

ಎಲ್ಲರ ಪುಸ್ತಕವೂ ಬಹುಪಾಲು ಒಂದೇ. ಅಲ್ಲಲ್ಲಿ ಒಂದೊಂದು ಅಕ್ಷರ ಬೇರೆ. ಕೆಲವು ಕಡೆ ಆ ವ್ಯತ್ಯಾಸದಿಂದ ಏನೂ ಆಗುವುದಿಲ್ಲ. ಕೆಲವು ಕಡೆ ಹುಳಿಗೆ ಉಪ್ಪು ಒಂದು ಚಿಟಿಕೆ ಕಡಿಮೆ ಬಿದ್ದ ಹಾಗೆ. ಅಪರೂಪಕ್ಕೆ ಒಂದು ಕಡೆ, ಒಗ್ಗರಣೆ ಹಾಕುವ ಮೊದಲೇ ‘ಇಲ್ಲಿಗೆ ಮುಗಿಯಿತು’ ಅಂತ ಅಚ್ಚಾಗಿಬಿಟ್ಟಿರುತ್ತದೆ. ಆ ಪ್ರೋಟೀನ್ ತಯಾರಾಗುವುದೇ ಇಲ್ಲ. ಎಸಿಟಿಎನ್3 ಇಂಥದ್ದೇ ಕಥೆ, ಆಮೇಲೆ ಬರುತ್ತೇನೆ.

ಇನ್ನೊಂದು ಮಾತು ಇಲ್ಲೇ ಬಗೆಹರಿಸಿಕೊಳ್ಳೋಣ. ‘ಆಟದಲ್ಲಿ ಮೇಲೆ ಬರುವುದು ಶೇ 66ರಷ್ಟು ವಂಶದಿಂದ’ ಅಂತ ಎಲ್ಲೋ ಓದಿರುತ್ತೀರಿ. ಬ್ರಿಟನ್ನಿನ ಅವಳಿ ಮಹಿಳೆಯರ ಮೇಲೆ ನಡೆದ 2007ರ ಅಧ್ಯಯನದ ಸಂಖ್ಯೆ ಅದು. ನಿಮ್ಮ ಮೆಡಲಿನ ಮೂರರಲ್ಲಿ ಎರಡು ಭಾಗ ಅಪ್ಪ ಅಮ್ಮ ಕೊಟ್ಟದ್ದು ಅಂತ ಇದರ ಅರ್ಥವಲ್ಲ. ರಾಗಿ ಉದಾಹರಣೆ ತೆಗೆದುಕೊಳ್ಳಿ. ಒಂದೇ ಹೊಲದಲ್ಲಿ, ಒಂದೇ ನೀರು ಗೊಬ್ಬರದಲ್ಲಿ ಹತ್ತು ತಳಿ ಬಿತ್ತಿದರೆ ತೆನೆಯಲ್ಲಿ ಕಾಣುವ ವ್ಯತ್ಯಾಸ ಬಹುಪಾಲು ಬೀಜದ್ದು. ಅದೇ ತಳಿಗಳಲ್ಲಿ ಅರ್ಧ ನಾಲೆ ಪಕ್ಕದಲ್ಲೂ ಅರ್ಧ ಮಳೆ ಕಾಣದ ದಿಬ್ಬದಲ್ಲೂ ಬಿತ್ತಿ ನೋಡಿ. ಈಗ ವ್ಯತ್ಯಾಸ ಬಹುಪಾಲು ನೀರಿನದ್ದು. ಬೀಜ ಬದಲಾಗಲಿಲ್ಲ, ಲೆಕ್ಕ ಬದಲಾಯಿತು. ಆ ಶೇಕಡಾವಾರು ಸಂಖ್ಯೆ ಜನರ ಗುಂಪಿನೊಳಗಿನ ವ್ಯತ್ಯಾಸದ್ದು. ಎರಡನೇ ಮಹಡಿಯ ಒಂದು ಹುಡುಗಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

## ಕಾವೇರಿ ನೀರಿನ ಲೆಕ್ಕ

ದೂರದ ಓಟ ಅಂದರೆ ಮೂಲತಃ ಸ್ನಾಯುವಿಗೆ ಆಮ್ಲಜನಕ ಮುಟ್ಟಿಸುವ ಕೆಲಸ. ಬೆಂಗಳೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ, ಯಾಕೆಂದರೆ ನಾವು ಕಾವೇರಿ ನೀರು ಕುಡಿಯುವವರು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಹಂತ ಹಂತವಾಗಿ ಪಂಪ್ ಮಾಡಿ ನೀರು ತರುತ್ತಾರೆ. ಅಲ್ಲಿಂದ ದೊಡ್ಡ ಪೈಪು, ರಸ್ತೆಯ ಪೈಪು, ಕೊನೆಗೆ ನಿಮ್ಮ ಸಂಪು. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ತಪ್ಪು ಎಲ್ಲಿ ಬೇಕಾದರೂ ಇರಬಹುದು, ಅಲ್ವಾ?

ಮೈಯೊಳಗೂ ಹಾಗೆ. ಶ್ವಾಸಕೋಶ ನದಿ. ಹೃದಯ ಪಂಪ್‌ಹೌಸ್. ಪೈಪಿನಲ್ಲಿ ಸಾಗುವ ಪುಟಾಣಿ ಟ್ಯಾಂಕರುಗಳು ಕೆಂಪು ರಕ್ತಕಣಗಳು, ಅವುಗಳೊಳಗೆ ಆಮ್ಲಜನಕ ಹಿಡಿದಿಟ್ಟುಕೊಳ್ಳುವುದು ಹಿಮೋಗ್ಲೋಬಿನ್. ಕೂದಲಿಗಿಂತ ತೆಳುವಾದ ಲೋಮನಾಳಗಳು ರಸ್ತೆಯ ಪೈಪು. ಸ್ನಾಯುವಿನೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಒಲೆಗಳಿಗೆ ಮೈಟೊಕಾಂಡ್ರಿಯಾ ಅಂತ ಹೆಸರು.

ಈ ಇಡೀ ಸಾಲು ಒಂದು ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಆಮ್ಲಜನಕ ಮುಟ್ಟಿಸಿ ಬಳಸಬಲ್ಲದು ಅನ್ನುವುದೇ ವಿಒಟು ಮ್ಯಾಕ್ಸ್. ಸ್ಮಾರ್ಟ್‌ವಾಚಿನಲ್ಲಿ ಬರುವ ಸಂಖ್ಯೆ ಅದರ ಅಂದಾಜು ಮಾತ್ರ. ಸರಿಯಾಗಿ ಅಳೆಯಬೇಕಾದರೆ ಮೂಗು ಬಾಯಿಗೆ ಮಾಸ್ಕ್ ಹಾಕಿ, ಟ್ರೆಡ್‌ಮಿಲ್ಲಿನ ಮೇಲೆ ‘ಇನ್ನು ಆಗಲ್ಲ’ ಅನ್ನುವವರೆಗೂ ಓಡಿಸಬೇಕು. ತರಬೇತಿ ಇಲ್ಲದ ಆರೋಗ್ಯವಂತ ಯುವಕನಿಗೆ ತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 35ರಿಂದ 45 ಮಿಲಿಲೀಟರ್ ಬರುತ್ತದೆ. ಜಗತ್ತಿನ ಮುಂಚೂಣಿಯ ಪುರುಷ ಓಟಗಾರರಲ್ಲಿ 70ರಿಂದ 85.

ಈ ಸಾಲಿನಲ್ಲಿ ಕಟ್ಟಿಕೊಳ್ಳುವುದು ಎಲ್ಲಿ? ಶ್ವಾಸಕೋಶದಲ್ಲಿ ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ, ಏದುಸಿರು ಬರುವುದು ಅಲ್ಲೇ ತಾನೇ. ಆದರೆ ಆರೋಗ್ಯವಂತರಲ್ಲಿ ನದಿಗೆ ಕೊರತೆ ಇರುವುದಿಲ್ಲ. ಕಡಿಮೆ ಬೀಳುವುದು ಸಾಮಾನ್ಯವಾಗಿ ಪಂಪು. ಸುಮ್ಮನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಜೀವ ಹೋಗುವ ಹಾಗೆ ಓಡಿದಾಗ ನಮ್ಮಂಥವರದ್ದು 20 ಲೀಟರಿನ ಹತ್ತಿರ. ಒಲಿಂಪಿಕ್ಸ್ ಮಟ್ಟದ ದೂರ ಓಟಗಾರರು, ದೋಣಿ ಹುಟ್ಟು ಹಾಕುವವರಲ್ಲಿ 35, ಕೆಲವರಲ್ಲಿ 40. ಅವರ ಹೃದಯ ನಮ್ಮದಕ್ಕಿಂತ ವೇಗವಾಗಿ ಬಡಿಯುತ್ತದೆ ಅಂದುಕೊಳ್ಳಬೇಡಿ. ಗರಿಷ್ಠ ಬಡಿತ ತರಬೇತಿಯಿಂದ ಏರುವುದಿಲ್ಲ. ಒಂದು ಬಡಿತಕ್ಕೆ ತಳ್ಳುವ ರಕ್ತ ಜಾಸ್ತಿ, ಅಷ್ಟೇ. ದೊಡ್ಡ ಪಂಪು. ಅದಕ್ಕೇ ಆರಾಮವಾಗಿ ಕೂತಾಗ ಅವರ ನಾಡಿ ನಿಮಿಷಕ್ಕೆ 40ರ ಆಸುಪಾಸಿಗೆ ಇಳಿದಿರುತ್ತದೆ.

ಹಾಗಾದರೆ ದೊಡ್ಡ ಪಂಪು ಇದ್ದವನೇ ಗೆಲ್ಲುತ್ತಾನಾ? ನಾರ್ವೆಯ ಸೈಕಲ್ ಸವಾರ ಓಸ್ಕರ್ ಸ್ವೆಂಡ್ಸನ್ ಎಂಬ ಹುಡುಗನ ವಿಒಟು ಮ್ಯಾಕ್ಸ್ 2012ರಲ್ಲಿ 97.5 ಬಂತು. ಅಷ್ಟು ದೊಡ್ಡ ಸಂಖ್ಯೆ ಕೇಳಿದ್ದವರೇ ಇರಲಿಲ್ಲ. ಅದೇ ವರ್ಷ ಜೂನಿಯರ್ ವಿಶ್ವ ಚಾಂಪಿಯನ್ ಕೂಡ ಆದ. 2014ರಲ್ಲಿ ಸೈಕ್ಲಿಂಗನ್ನೇ ಬಿಟ್ಟುಬಿಟ್ಟ.

ಯಾಕೆಂದರೆ ಪಂಪಿನ ಜೊತೆ ಇನ್ನೆರಡು ಲೆಕ್ಕ ಇವೆ. ಒಂದು ಮೈಲೇಜ್. ಬೈಕ್ ಕೊಳ್ಳುವಾಗ ‘ಎಷ್ಟು ಕೊಡುತ್ತೆ?’ ಅಂತ ಕೇಳುತ್ತೀವಲ್ಲ, ಅದೇ. ಒಂದೇ ವೇಗದಲ್ಲಿ ಓಡುವ ಇಬ್ಬರಲ್ಲಿ ಒಬ್ಬ ಕಡಿಮೆ ಆಮ್ಲಜನಕ ಖರ್ಚು ಮಾಡುತ್ತಾನೆ. ಹಿಮ್ಮಡಿಯ ಮೇಲಿನ ದಪ್ಪ ನರದಂಥ ಕಟ್ಟು, ಅಕಿಲಿಸ್, ಬಿಗಿಯಾದ ಸ್ಪ್ರಿಂಗಿನ ಹಾಗಿದ್ದರೆ ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಶಕ್ತಿ ಪುಕ್ಕಟೆ ವಾಪಸ್ ಬರುತ್ತದೆ. ಮೊಣಕಾಲಿನ ಕೆಳಗೆ ಕಾಲು ಸಣ್ಣಗಿದ್ದರೆ ಬೀಸುವ ಖರ್ಚು ಕಡಿಮೆ.

ಇನ್ನೊಂದು, ಎಷ್ಟು ಹೊತ್ತು ಗರಿಷ್ಠದ ಹತ್ತಿರ ಇರಬಲ್ಲ ಅನ್ನುವುದು. ವೇಗ ಒಂದು ಮಿತಿ ದಾಟಿದರೆ ರಕ್ತದಲ್ಲಿ ಲ್ಯಾಕ್ಟೇಟ್ ಅನ್ನುವ ವಸ್ತು ಬಳಸಿ ಮುಗಿಯುವುದಕ್ಕಿಂತ ಬೇಗ ತುಂಬಿಕೊಳ್ಳುತ್ತದೆ. ಇದನ್ನು ‘ಲ್ಯಾಕ್ಟಿಕ್ ಆ್ಯಸಿಡ್, ಮೈಯ ಕಸ’ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಪಾಪ, ಅದು ಕಸವಲ್ಲ. ಹೃದಯವೂ ನಿಧಾನದ ಸ್ನಾಯುಗಳೂ ಅದನ್ನೇ ಉರುವಲಾಗಿ ಬಳಸುತ್ತವೆ. ಅದು ಏರತೊಡಗುವ ವೇಗ ಯಾವುದು ಅನ್ನುವುದು ಮುಖ್ಯ. ಸಾಮಾನ್ಯರಿಗೆ ಅದು ಬೇಗ ಬರುತ್ತದೆ, ಮ್ಯಾರಥಾನ್ ಓಟಗಾರರಿಗೆ ಗರಿಷ್ಠದ ಹತ್ತಿರ ಹೋದ ಮೇಲೆ.

ಮೈಕೆಲ್ ಜಾಯ್ನರ್ ಎಂಬ ಅಮೆರಿಕದ ವೈದ್ಯ ವಿಜ್ಞಾನಿ 1991ರಲ್ಲಿ ಈ ಮೂರನ್ನೇ ಹಿಡಿದು ಲೆಕ್ಕ ಹಾಕಿದರು. ಮೂರೂ ಅತ್ಯುತ್ತಮವಾಗಿ ಒಬ್ಬನಲ್ಲೇ ಸೇರಿದರೆ ಮ್ಯಾರಥಾನ್ 1 ಗಂಟೆ 57 ನಿಮಿಷ 58 ಸೆಕೆಂಡಿಗೆ ಮುಗಿಯಬಹುದು ಅಂದರು. ಆಗಿನ ದಾಖಲೆ 2 ಗಂಟೆ 6 ನಿಮಿಷ 50 ಸೆಕೆಂಡ್. ಜನ ನಕ್ಕಿರಬೇಕು. 2019ರಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ ವಿಯೆನ್ನಾದಲ್ಲಿ 1:59:40ಕ್ಕೆ ಓಡಿ ಮುಗಿಸಿದರು. ಗಾಳಿ ತಡೆಯಲು ಪಾಳಿಯ ಮೇಲೆ ಜೊತೆಗಾರರು ಇದ್ದದ್ದರಿಂದ ಅದು ದಾಖಲೆಗೆ ಸೇರಲಿಲ್ಲ. 2023ರಲ್ಲಿ ಶಿಕಾಗೋದಲ್ಲಿ ಕೆಲ್ವಿನ್ ಕಿಪ್ಟುಮ್ ಓಡಿದ 2:00:35 ಸೇರಿತು.

## ಕೋಳಿ ಅಂಗಡಿಯಲ್ಲಿ ಕಾಣುವ ಪಾಠ

ಲಾಂಗ್ ಜಂಪಿನ ಹುಡುಗಿಗೆ ಇಷ್ಟು ಹೊತ್ತು ಹೇಳಿದ್ದು ಅರ್ಧ ಮಾತ್ರ ಬೇಕು. ಅವಳ ಕೆಲಸ ಕೆಲವೇ ಸೆಕೆಂಡಿನದ್ದು. ಓಡಿ ಬಂದು ಬೋರ್ಡ್ ಮೇಲೆ ಕಾಲಿಟ್ಟರೆ, ದೊಡ್ಡ ಜಿಗಿತಗಾರರ ಪಾದ ಅಲ್ಲಿರುವುದು ಸುಮಾರು 0.12 ಸೆಕೆಂಡ್. ಅಷ್ಟರಲ್ಲಿ ಪಂಪ್‌ಹೌಸಿನಿಂದ ಏನೂ ಬಂದು ಮುಟ್ಟುವುದಿಲ್ಲ. ಸಂಪಿನಲ್ಲಿ ಇರುವುದೇ ಗತಿ.

ಇಲ್ಲಿ ಬೇಕಾದದ್ದು ಸ್ನಾಯುವಿನ ಜಾತಿ. ಸಸ್ಯಾಹಾರಿಗಳು ಕ್ಷಮಿಸಬೇಕು, ಇದಕ್ಕೆ ಕೋಳಿ ಅಂಗಡಿಯಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಕೋಳಿಯ ಕಾಲಿನ ಮಾಂಸ ಕಂದುಗೆಂಪು, ಎದೆಯದು ಬಿಳಿ. ಕೋಳಿ ದಿನವಿಡೀ ನಡೆಯುತ್ತದೆ. ಕಾಲಿನ ಎಳೆಗಳಿಗೆ ಬಿಡದೆ ಆಮ್ಲಜನಕ ಬೇಕು, ಅದನ್ನು ಕೂಡಿಡುವ ಮಯೋಗ್ಲೋಬಿನ್ ಅನ್ನುವ ಕೆಂಪು ವಸ್ತುವಿನಿಂದ ಆ ಬಣ್ಣ. ರೆಕ್ಕೆ ಬಡಿಯುವುದು ಯಾವಾಗಲೋ ಒಮ್ಮೆ, ನಾಯಿ ಅಟ್ಟಿಸಿಕೊಂಡು ಬಂದಾಗ. ಎದೆಯ ಎಳೆಗಳು ಥಟ್ಟನೆ ಸಿಡಿದು ಬೇಗ ಸುಸ್ತಾಗುತ್ತವೆ.

ಮನುಷ್ಯರಲ್ಲಿ ಎರಡೂ ಜಾತಿಯ ಎಳೆಗಳು ಒಂದೇ ಸ್ನಾಯುವಿನಲ್ಲಿ ಬೆರೆತಿರುತ್ತವೆ. ತೊಡೆಯಲ್ಲಿ ಸೂಜಿ ಚುಚ್ಚಿ ಚೂರು ತೆಗೆದು ನೋಡಿದರೆ ನಮ್ಮ ನಿಮ್ಮಂಥವರಲ್ಲಿ ಹೆಚ್ಚುಕಡಿಮೆ ಅರ್ಧರ್ಧ. ಒಳ್ಳೆಯ ಮ್ಯಾರಥಾನ್ ಓಟಗಾರರಲ್ಲಿ ನಿಧಾನದ ಎಳೆ ಶೇ 70–80ರಷ್ಟು ಕಂಡದ್ದಿದೆ. ಒಳ್ಳೆಯ 100 ಮೀಟರ್ ಓಟಗಾರರಲ್ಲಿ ಅಷ್ಟೇ ಪಾಲು ವೇಗದ ಎಳೆ. ತರಬೇತಿಯಿಂದ ಎಳೆಗಳು ದಪ್ಪವಾಗುತ್ತವೆ, ವೇಗದ ಎಳೆಗಳಲ್ಲೇ ಒಂದು ಬಗೆ ಇನ್ನೊಂದು ಬಗೆಗೆ ಸುಲಭವಾಗಿ ತಿರುಗುತ್ತದೆ. ನಿಧಾನದ್ದನ್ನು ವೇಗದ್ದಾಗಿ ಮಾಡುವುದು ಮಾತ್ರ ಕಷ್ಟ. ‘ಸ್ಪ್ರಿಂಟರ್ ಹುಟ್ಟಬೇಕು’ ಅಂತ ಹಳೇ ಕೋಚ್‌ಗಳು ಅನ್ನುವ ಮಾತಿನ ಹಿಂದೆ ಇರುವುದು ಇದೇ.

## ಆ ಒಂದು ಅಕ್ಷರ

ಈಗ ಕೆಂಪು ಪಟ್ಟಿಗೆ ಬರೋಣ. ವೇಗದ ಎಳೆಗಳ ಒಳಗೆ ಮಾತ್ರ ಇರುವ ಒಂದು ಪ್ರೋಟೀನ್ ಆಲ್ಫಾ ಆ್ಯಕ್ಟಿನಿನ್-3. ಎಳೆ ಸೆಳೆದಾಗ ಒಳಗಿನ ಕಟ್ಟಡ ಸಡಿಲವಾಗದ ಹಾಗೆ ಹಿಡಿದಿಡುವ ಮೊಳೆ ಅಂದುಕೊಳ್ಳಿ. ಅದನ್ನು ಮಾಡುವ ಪುಟವೇ ಎಸಿಟಿಎನ್3. ಕೆಲವರಲ್ಲಿ ಆ ಪುಟದಲ್ಲಿ ಒಂದು ಅಕ್ಷರ ಬದಲಾಗಿ ‘ಇಲ್ಲಿಗೆ ಮುಗಿಯಿತು’ ಅಂತ ಇರುತ್ತದೆ. ಸರಿಯಾದ ಪ್ರತಿಗೆ ಆರ್, ನಿಂತುಹೋದ ಪ್ರತಿಗೆ ಎಕ್ಸ್. ಅಮ್ಮನ ಕಡೆಯದೂ ಅಪ್ಪನ ಕಡೆಯದೂ ಎಕ್ಸ್ ಆದರೆ ಎಕ್ಸ್‌ಎಕ್ಸ್. ಆ ಪ್ರೋಟೀನ್ ಮೈಯಲ್ಲಿ ಇರುವುದೇ ಇಲ್ಲ.

ಕಾಯಿಲೆಯೇನಲ್ಲ. ಜಗತ್ತಿನಲ್ಲಿ ಸುಮಾರು ಐವರಲ್ಲಿ ಒಬ್ಬರು ಎಕ್ಸ್‌ಎಕ್ಸ್. ಆಲ್ಫಾ ಆ್ಯಕ್ಟಿನಿನ್-2 ಅನ್ನುವ ಅಕ್ಕತಂಗಿ ಪ್ರೋಟೀನ್ ಆ ಜಾಗ ತುಂಬುತ್ತದೆ. ಎಕ್ಸ್‌ಎಕ್ಸ್ ಇದ್ದವರು ಚಳಿಯನ್ನು ಚೆನ್ನಾಗಿ ತಡೆಯುತ್ತಾರೆ ಅಂತಲೂ 2021ರ ಒಂದು ಅಧ್ಯಯನದಲ್ಲಿ ಕಂಡಿದೆ. ಬೆಂಗಳೂರಿನ ಡಿಸೆಂಬರಿಗೆ ಅದರ ಅಗತ್ಯ ಬೀಳಲಿಕ್ಕಿಲ್ಲ.

2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತಮ್ಮ ದೇಶದ ಮುಂಚೂಣಿ ಆಟಗಾರರನ್ನು ಪರೀಕ್ಷಿಸಿದರು. ವೇಗ, ಶಕ್ತಿಯ ಆಟದವರಲ್ಲಿ ಎಕ್ಸ್‌ಎಕ್ಸ್ ತೀರಾ ಕಡಿಮೆ. ಆಮೇಲೆ ಬೇರೆ ದೇಶಗಳಲ್ಲೂ ಅಂಥದ್ದೇ ಫಲಿತಾಂಶ ಹಲವು ಸಲ ಬಂತು. ‘ವೇಗದ ಜೀನ್’ ಅಂತ ಹೆಸರು ಬಿತ್ತು, ಟೆಸ್ಟ್ ಮಾರುಕಟ್ಟೆಗೂ ಬಂತು. ನಮ್ಮ ಫೈಲಿನ ಆರನೇ ಪುಟದ ಹಿಂದೆ ಇರುವುದು ಇಷ್ಟು ನಿಜ.

ಉಳಿದದ್ದನ್ನು ಆರನೇ ಪುಟ ಹೇಳುವುದಿಲ್ಲ. ಸಾಮಾನ್ಯ ಜನರಲ್ಲಿ ಸ್ನಾಯುವಿನ ಕೆಲಸದಲ್ಲಿ ಕಾಣುವ ವ್ಯತ್ಯಾಸದಲ್ಲಿ ಈ ಜೀನಿನ ಪಾಲು ಶೇ 2–3ರಷ್ಟು. ಕೀನ್ಯಾದಲ್ಲಿ ಎಕ್ಸ್‌ಎಕ್ಸ್ ಇರುವವರು ನೂರಕ್ಕೆ ಒಬ್ಬರಂತೆ. ಅಂದರೆ ಹೆಚ್ಚುಕಡಿಮೆ ಇಡೀ ದೇಶಕ್ಕೆ ‘ವೇಗದ ಜೀನ್’ ಇದೆ, ಹೆಸರು ಮಾಡಿದ್ದು ಮಾತ್ರ ದೂರದ ಓಟದಲ್ಲಿ. ಇನ್ನು ನಮ್ಮ ಹುಡುಗಿಗೆ ನಾನು ತೋರಿಸಿದ್ದು 2007ರಲ್ಲಿ ಪ್ರಕಟವಾದ ಒಂದು ಪುಟ್ಟ ವರದಿ. ಸ್ಪೇನಿನ ಲಾಂಗ್ ಜಂಪರ್ ಒಬ್ಬ, ಎರಡು ಒಲಿಂಪಿಕ್ಸ್ ಆಡಿದವ, 8.26 ಮೀಟರ್ ಜಿಗಿದವ. ಅವನ ರಕ್ತ ಪರೀಕ್ಷಿಸಿದರೆ ಎಕ್ಸ್‌ಎಕ್ಸ್.

ಅಲ್ಲಿಯವರೆಗೆ ಸೋಫಾದ ಮೂಲೆಯಲ್ಲಿ ಕೂತಿದ್ದವಳು ಆಗ ಎದ್ದು ಬಂದು ಫೋನಿನ ಸ್ಕ್ರೀನ್ ಇಣುಕಿದಳು. “8.26ಆ?” ಅಂದಳು.

## ಒಂದೇ ಜೀನು ಗೆಲ್ಲಿಸಿದ್ದೂ ಇದೆ

ಇದಕ್ಕೆ ಉಲ್ಟಾ ಉದಾಹರಣೆಯೂ ಹೇಳಬೇಕು, ಇಲ್ಲವಾದರೆ ಅನ್ಯಾಯ. ಫಿನ್ಲೆಂಡಿನ ಈರೊ ಮ್ಯಾಂಟಿರಾಂಟಾ ಹಿಮದ ಮೇಲೆ ಸ್ಕೀ ಮಾಡುವವರು. 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ, ಒಟ್ಟು ಏಳು ಒಲಿಂಪಿಕ್ ಮೆಡಲ್. ಅವರ ರಕ್ತದಲ್ಲಿ ಹಿಮೋಗ್ಲೋಬಿನ್ ವಿಪರೀತ ಜಾಸ್ತಿ. ಗಂಡಸರಿಗೆ 13ರಿಂದ 17 ಗ್ರಾಂ ಇರಬೇಕಾದಲ್ಲಿ 20 ದಾಟಿತ್ತು. ಮೋಸ ಮಾಡಿದ್ದಾರೆ ಅಂತ ವರ್ಷಗಟ್ಟಲೆ ಗುಸುಗುಸು.

ಇದನ್ನು ಬಿಡಿಸಿದ್ದು ಅವರ ಇಡೀ ಕುಟುಂಬದ ರಕ್ತ ಪರೀಕ್ಷೆ. ನಮ್ಮ ಮೂತ್ರಪಿಂಡ ಇಪಿಒ ಅನ್ನುವ ಹಾರ್ಮೋನ್ ಬಿಡುತ್ತದೆ. ‘ಟ್ಯಾಂಕರ್ ಸಾಲದು, ಇನ್ನಷ್ಟು ಮಾಡಿ’ ಅಂತ ಮೂಳೆಯೊಳಗಿನ ಮಜ್ಜೆಗೆ ಹೋಗುವ ಆರ್ಡರ್ ಅದು. ಆರ್ಡರ್ ತೆಗೆದುಕೊಳ್ಳುವ ಕಡೆ ಒಂದು ಬ್ರೇಕ್ ಇರುತ್ತದೆ. ಮ್ಯಾಂಟಿರಾಂಟಾ ವಂಶದ ಹಲವರಲ್ಲಿ ಆ ಬ್ರೇಕೇ ಇರಲಿಲ್ಲ, ಒಂದು ಅಕ್ಷರದ ವ್ಯತ್ಯಾಸದಿಂದ. 1993ರಲ್ಲಿ ಇದು ಪ್ರಕಟವಾಯಿತು. ಕದ್ದು ಇಪಿಒ ಚುಚ್ಚಿಕೊಳ್ಳುವ ಆಟಗಾರರು ಪಡೆಯಲು ನೋಡುವುದನ್ನು ಅವರು ಹುಟ್ಟಿನಿಂದ ಪಡೆದಿದ್ದರು. ಇಂಥದ್ದು ತೀರಾ ಅಪರೂಪ. ಅದೇ ಕುಟುಂಬದಲ್ಲೂ ಆ ಜೀನ್ ಇದ್ದವರೆಲ್ಲ ಒಲಿಂಪಿಕ್ಸಿಗೆ ಹೋಗಲಿಲ್ಲ.

ಮೂತ್ರಪಿಂಡ ಅಂದಾಗ ನೆನಪಾಯಿತು. 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ 6.70 ಮೀಟರ್ ಜಿಗಿದು ಕಂಚು ಗೆದ್ದ ಅಂಜು ಬಾಬಿ ಜಾರ್ಜ್ ನಮ್ಮ ಬೆಂಗಳೂರಿನಲ್ಲೇ ಇದ್ದು ಹುಡುಗಿಯರಿಗೆ ತರಬೇತಿ ಕೊಡುತ್ತಿರುವವರು. ತಾನು ಒಂದೇ ಮೂತ್ರಪಿಂಡ ಇಟ್ಟುಕೊಂಡು ಅಷ್ಟೆಲ್ಲ ಜಿಗಿದೆ ಅಂತ ಅವರು ಹೇಳಿಕೊಂಡದ್ದು 2020ರಲ್ಲಿ.

ಬೆಂಗಳೂರು ಎತ್ತರದಲ್ಲಿದೆ, ಇಲ್ಲಿ ಓಡಿದರೆ ರಕ್ತ ಹೆಚ್ಚುತ್ತದೆ ಅನ್ನುವ ಮಾತೂ ಪಾರ್ಕುಗಳಲ್ಲಿ ಕೇಳುತ್ತದೆ. ನಾವಿರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಇಪಿಒ ಏರಿ ಕೆಂಪುಕಣ ಗಣನೀಯವಾಗಿ ಹೆಚ್ಚಬೇಕಾದರೆ ಸಾಮಾನ್ಯವಾಗಿ 2,000 ಮೀಟರ್ ಮೇಲೆ ವಾರಗಟ್ಟಲೆ ಇರಬೇಕು. ಊಟಿ ಆಗಬಹುದು. ಇಲ್ಲಿ ಲಾಭ ಕೊಡುವುದು ಬೆಳಗಿನ ತಂಪು ಹವೆ.

## ತರಬೇತಿಗೆ ಒಗ್ಗುವುದೂ ಒಂದು ಗುಣ

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಆಶ್ಚರ್ಯ ತಂದದ್ದು ಇದು. ಕ್ಲೋಡ್ ಬುಶಾರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಅಮೆರಿಕ, ಕೆನಡಾಗಳಲ್ಲಿ ‘ಹೆರಿಟೇಜ್’ ಅನ್ನುವ ಅಧ್ಯಯನ ನಡೆಸಿದರು. ಅದರ ಒಂದು ಭಾಗದಲ್ಲಿ 98 ಕುಟುಂಬಗಳ 481 ಜನ, ವ್ಯಾಯಾಮದ ಅಭ್ಯಾಸವೇ ಇಲ್ಲದವರು. ಎಲ್ಲರಿಗೂ 20 ವಾರ, ವಾರಕ್ಕೆ ಮೂರು ಸಲ, ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಒಂದೇ ರೀತಿಯ ತರಬೇತಿ. ವಿಒಟು ಮ್ಯಾಕ್ಸ್ ಸರಾಸರಿ ನಿಮಿಷಕ್ಕೆ 400 ಮಿಲಿಲೀಟರ್ ಏರಿತು (ಇದು ಕಿಲೋ ಲೆಕ್ಕವಲ್ಲ, ಇಡೀ ಮೈಯ ಲೆಕ್ಕ).

ಸರಾಸರಿ ಬಿಡಿ, ಒಬ್ಬೊಬ್ಬರನ್ನು ನೋಡಿದರೆ ಕಥೆ ಬೇರೆ. ಕೆಲವರದ್ದು ಒಂದು ಲೀಟರಿಗೂ ಜಾಸ್ತಿ ಏರಿತ್ತು. ಕೆಲವರದ್ದು ಕದಲಲೇ ಇಲ್ಲ. ಒಂದೇ ಮನೆಯವರು ಹೆಚ್ಚುಕಡಿಮೆ ಒಂದೇ ಥರ ಏರಿದ್ದರು. ತರಬೇತಿಗೆ ಮೈ ಎಷ್ಟು ಒಗ್ಗುತ್ತದೆ ಅನ್ನುವ ವ್ಯತ್ಯಾಸದಲ್ಲೂ ಅರ್ಧದ ಹತ್ತಿರ, ಶೇ 47ರಷ್ಟು, ವಂಶಕ್ಕೆ ಸೇರಿದ್ದು ಅಂತ ಅವರ ಲೆಕ್ಕ. ಅಂದರೆ ‘ಪ್ರತಿಭೆಯಾ, ಪರಿಶ್ರಮವಾ’ ಅಂತ ಎರಡನ್ನು ಎದುರಾಬದುರು ನಿಲ್ಲಿಸುವ ಹಾಗೇ ಇಲ್ಲ. ಪರಿಶ್ರಮಕ್ಕೆ ಎಷ್ಟು ಬಡ್ಡಿ ಬರುತ್ತದೆ ಅನ್ನುವುದರಲ್ಲೂ ಹುಟ್ಟಿನ ಕೈವಾಡ ಇದೆ.

ಕದಲದವರ ಕಥೆ ಅಲ್ಲಿಗೇ ಮುಗಿಯಲಿಲ್ಲ. 2017ರಲ್ಲಿ ಇನ್ನೊಂದು ತಂಡ, ಏನೂ ಏರದವರಿಗೆ ವಾರಕ್ಕೆ ಎರಡು ದಿನ ಹೆಚ್ಚಿನ ತರಬೇತಿ ಕೊಟ್ಟು ನೋಡಿತು. ಎಲ್ಲರದ್ದೂ ಏರಿತು. ಕೆಲವರಿಗೆ ಡೋಸ್ ಜಾಸ್ತಿ ಬೇಕು, ಅಷ್ಟೇ.

ಇದಕ್ಕೆಲ್ಲ ಕಾರಣವಾದ ಜೀನ್‌ಗಳು ಯಾವುವು ಅಂತ ಹುಡುಕಿದರೆ ಒಂದೆರಡು ಸಿಗುವುದಿಲ್ಲ. ಎತ್ತರವನ್ನೇ ನೋಡಿ. ಟೇಪ್ ಹಿಡಿದು ಅಳೆಯಬಹುದಾದ ಗುಣ, ಬಹುಪಾಲು ವಂಶದಿಂದ ಬರುವಂಥದ್ದು. 2022ರಲ್ಲಿ ಸುಮಾರು 54 ಲಕ್ಷ ಜನರ ಡಿಎನ್‌ಎ ಜಾಲಾಡಿದಾಗ ಎತ್ತರಕ್ಕೆ ಸಂಬಂಧಿಸಿದ 12,000ಕ್ಕೂ ಹೆಚ್ಚು ಜಾಗಗಳು ಸಿಕ್ಕವು. ಒಂದೊಂದರದ್ದೂ ಚಿಟಿಕೆಯಷ್ಟು ಪಾಲು. ಎತ್ತರಕ್ಕೇ ಹೀಗಾದರೆ ಹೃದಯ, ರಕ್ತ, ಎಳೆ, ಕಟ್ಟು, ಧೈರ್ಯ ಎಲ್ಲ ಸೇರಿದ ಒಂದು ಜಿಗಿತಕ್ಕೆ? ಫೈಲಿನಲ್ಲಿ ಇದ್ದದ್ದು ಹನ್ನೆರಡು ಜೀನ್.

## ಕೀನ್ಯಾದವರು ಹಾಗಾದರೆ ಹೇಗೆ?

ಬೆಂಗಳೂರಿನ 10ಕೆ ಓಟ ಶುರುವಾದದ್ದು 2008ರಲ್ಲಿ. ನೀವು ಹಲಸೂರಿನ ಕಡೆ ರಸ್ತೆ ಬದಿ ನಿಂತು ನೋಡಿದ್ದರೆ, ಮುಂದಿನ ಗುಂಪು ಹೋಗುವಾಗ ಕಾಲಿನ ಸದ್ದೇ ಕೇಳುವುದಿಲ್ಲ ಅನ್ನುವುದನ್ನು ಗಮನಿಸಿರುತ್ತೀರಿ. 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೇಲಿ ಇಲ್ಲಿ 27 ನಿಮಿಷ 38 ಸೆಕೆಂಡಿಗೆ ಮುಗಿಸಿದರು. 100 ಮೀಟರಿಗೆ 17 ಸೆಕೆಂಡಿಗೂ ಕಡಿಮೆ, ಅದೂ ಬಿಡದೆ ನೂರು ಸಲ. ಒಂದೇ ಒಂದು 100 ಮೀಟರ್ ಆ ವೇಗದಲ್ಲಿ ಓಡಿ ನೋಡಿ, ಆಮೇಲೆ ಮುಂದೆ ಓದಿ.

ಆ ದೇಶದ ಹೆಚ್ಚಿನ ಹೆಸರಾಂತ ಓಟಗಾರರು ರಿಫ್ಟ್ ಕಣಿವೆಯ ಕಲೆಂಜಿನ್ ಸಮುದಾಯದವರು. ತೆಳ್ಳನೆ ಉದ್ದ ಕಾಲು ಅಲ್ಲಿ ಸಾಮಾನ್ಯ, ಅದು ವಂಶದ್ದೇ. ಅವರು ತರಬೇತಿ ಪಡೆಯುವ ಇಟೆನ್ ಊರು ಇರುವುದು ಸುಮಾರು 2,400 ಮೀಟರ್ ಎತ್ತರದಲ್ಲಿ. ಇದರ ಜೊತೆಗೆ, ಓಟ ಅಲ್ಲಿ ಹೊಟ್ಟೆಪಾಡಿನ ದಾರಿ. ಮುಂಜಾನೆ ನೂರಾರು ಹುಡುಗರು ಒಟ್ಟಿಗೆ ಓಡುತ್ತಾರೆ, ಹಿಂದೆ ಬಿದ್ದವನು ನಾಳೆ ಮತ್ತೆ ಬರುತ್ತಾನೆ. ‘ಕೀನ್ಯಾದ ಜೀನ್’ ಅಂತ ಒಂದನ್ನು ಹುಡುಕಲು ಹೋದವರಿಗೆ ಅಂಥದ್ದು ಸಿಕ್ಕಿಲ್ಲ.

ಅಲ್ಲಿಯವರೆಲ್ಲ ಓಟಗಾರರೇ ಅಂದುಕೊಳ್ಳುವವರಿಗೆ ಇನ್ನೊಂದು ಹೆಸರು. 2025ರ ಜುಲೈ 5ರಂದು ಕಂಠೀರವ ಸ್ಟೇಡಿಯಮ್ಮಿನಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಜಾವೆಲಿನ್ ಎಸೆದು ಗೆದ್ದಾಗ ಎರಡನೆಯವರಾಗಿ ಬಂದದ್ದು ಕೀನ್ಯಾದ ಜೂಲಿಯಸ್ ಯೆಗೊ. ಎಸೆಯುವುದು ಕಲಿಸುವವರಿಲ್ಲದ ಊರಿನಲ್ಲಿ ಯೂಟ್ಯೂಬ್ ನೋಡಿ ಕಲಿತು, 2015ರಲ್ಲಿ ವಿಶ್ವ ಚಾಂಪಿಯನ್ ಆದವರು.

## ಚಂದ್ರಶೇಖರ್ ಕೈ

ಕ್ರಿಕೆಟ್ ಸೇರಿಸುವ ಅಪ್ಪ ಅಮ್ಮಂದಿರಿಗೆ ಇದು. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬ್ಯಾಟ್ಸ್‌ಮನ್ ಮುಟ್ಟಲು ಅರ್ಧ ಸೆಕೆಂಡಿಗೂ ಕಡಿಮೆ ಸಮಯ ಸಾಕು. ಕಣ್ಣಿಗೆ ಕಂಡದ್ದಕ್ಕೆ ಕೈ ಕದಲಲು 0.2 ಸೆಕೆಂಡ್ ಬೇಕು, ನಿಮಗೂ ಅಷ್ಟೇ, ಹೆಸರಾಂತ ಬ್ಯಾಟ್ಸ್‌ಮನ್‌ಗೂ ಸುಮಾರು ಅಷ್ಟೇ. 1980ರ ದಶಕದಲ್ಲೇ ಇದನ್ನು ಅಳೆದು ನೋಡಿದ್ದಾರೆ. ಅವರಿಗಿರುವ ಹೆಚ್ಚುಗಾರಿಕೆ ಬೌಲರ್‌ನ ಮಣಿಕಟ್ಟು, ಭುಜ ನೋಡಿ ಚೆಂಡು ಎಲ್ಲಿ ಬೀಳುತ್ತದೆ ಅಂತ ಮೊದಲೇ ಊಹಿಸುವುದು. ಅದು ಸಾವಿರಾರು ಚೆಂಡು ಆಡಿ ಬಂದದ್ದು. ಜೊಲ್ಲಿನಲ್ಲಿ ಅದು ಇರುವುದಿಲ್ಲ.

ಇನ್ನು ಬಿ.ಎಸ್. ಚಂದ್ರಶೇಖರ್. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಬಲಗೈ ಬಡವಾಯಿತು. ಫೀಲ್ಡಿಂಗ್ ಮಾಡುವಾಗ ಎಡಗೈಯಲ್ಲಿ ಎಸೆಯುತ್ತಿದ್ದರು. ಬೌಲಿಂಗ್ ಮಾತ್ರ ಆ ಬಡಕಲು ಬಲಗೈಯಲ್ಲೇ, ಚಾಟಿ ಬೀಸಿದ ಹಾಗೆ, ಸ್ಪಿನ್ನರ್‌ಗೆ ಹೆಚ್ಚೇ ಅನ್ನಿಸುವ ವೇಗದಲ್ಲಿ. 58 ಟೆಸ್ಟ್, 242 ವಿಕೆಟ್. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟದ್ದು ಅದೇ ಕೈ. ಯಾವ ಆಯ್ಕೆ ಪಟ್ಟಿಯಲ್ಲಿ ಆ ಕೈಗೆ ಟಿಕ್ ಬೀಳುತ್ತಿತ್ತು?

## ರಿಪೋರ್ಟ್ ಇಟ್ಟುಕೊಂಡು ಏನು ಮಾಡುವುದು

2015ರಲ್ಲಿ ಹಲವು ದೇಶಗಳ ಕ್ರೀಡಾ ವಿಜ್ಞಾನಿಗಳು, ಜೀನ್ ತಜ್ಞರು ಸೇರಿ ಒಂದು ಒಮ್ಮತದ ಹೇಳಿಕೆ ಕೊಟ್ಟರು. ಮಗುವಿನ ಪ್ರತಿಭೆ ಗುರುತಿಸಲು ಅಥವಾ ತರಬೇತಿ ನಿರ್ಧರಿಸಲು ಇಂಥ ಟೆಸ್ಟುಗಳಿಂದ ಉಪಯೋಗವಿಲ್ಲ, ಮಕ್ಕಳಿಗೆ ಮಾಡಿಸಬೇಡಿ ಅಂತ. ಟೆಸ್ಟ್ ಅಕ್ಷರವನ್ನು ಸರಿಯಾಗಿಯೇ ಓದಿರಬಹುದು. ಆ ಅಕ್ಷರದಿಂದ ‘ಈ ಆಟ ಬೇಡ’ ಅನ್ನುವ ತೀರ್ಮಾನಕ್ಕೆ ಜಿಗಿಯುವುದು ಫೌಲ್.

ಹನ್ನೊಂದನೇ ವಯಸ್ಸಿನಲ್ಲಿ ಮಗುವಿನ ಮೈ ನೋಡಿ ಹೇಳುವುದೂ ಕಷ್ಟವೇ. ಹುಡುಗಿಯರು ಹನ್ನೆರಡರ ಆಸುಪಾಸಿನಲ್ಲಿ, ಹುಡುಗರು ಹದಿನಾಲ್ಕರ ಆಸುಪಾಸಿನಲ್ಲಿ ದಿಢೀರನೆ ಬೆಳೆಯುತ್ತಾರೆ. ಒಬ್ಬರು ಒಂದು ವರ್ಷ ಮೊದಲು, ಇನ್ನೊಬ್ಬರು ಎರಡು ವರ್ಷ ತಡವಾಗಿ. ಈ ವರ್ಷ ಶಾಲೆಯಲ್ಲಿ ಗೆಲ್ಲುವವಳು ಬೇಗ ಬೆಳೆದವಳಷ್ಟೇ ಆಗಿರಬಹುದು.

ನಮ್ಮ ಹುಡುಗಿಯ ಅಮ್ಮನನ್ನು ನಾನು ಕೇಳಿದ್ದು ಬೇರೆ. “ಮಧ್ಯಾಹ್ನ ಹೊತ್ತು ಸುಸ್ತು ಅಂತಾಳಾ?”

“ದಿನಾ ಅಂತಾಳೆ. ಓದೋಕೆ ನೆಪ ಅಂದ್ಕೊಂಡಿದ್ದೆ.”

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇ 57ರಷ್ಟು ಜನರಿಗೆ ರಕ್ತಹೀನತೆ. ಟ್ಯಾಂಕರುಗಳೇ ಕಡಿಮೆ ಇರುವಾಗ ಪಂಪಿನ ಜಾತಕ ನೋಡಿ ಏನು ಮಾಡುವುದು? ಬಡಾವಣೆಯ ಲ್ಯಾಬಿನಲ್ಲಿ ಕೆಲವು ನೂರು ರೂಪಾಯಿಯ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 10.2. ಅವಳ ವಯಸ್ಸಿಗೆ 11.5ರ ಮೇಲಿರಬೇಕು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಬಾಯೆಲ್ಲ ತುಕ್ಕು ತುಕ್ಕು ಅಂತ ಹುಡುಗಿಯ ದೂರು.

ಹೋದ ಭಾನುವಾರ ಅವಳ ಶಾಲೆಯ ಮೈದಾನಕ್ಕೆ ನಾನೂ ಹೋಗಿದ್ದೆ. ಮರಳಿನ ಗುಂಡಿಯಿಂದ ಹಿಂದಕ್ಕೆ ಹದಿನಾಲ್ಕು ಹೆಜ್ಜೆ ಎಣಿಸಿ, ಗುರುತಿಗೆ ತನ್ನ ಒಂದು ಚಪ್ಪಲಿ ಇಟ್ಟಳು. ಮೊದಲನೇ ಸಲ ಪಾದ ಬೋರ್ಡ್ ದಾಟಿತು. ಚಪ್ಪಲಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು. ಎರಡನೆಯದೂ ಫೌಲ್. ಇನ್ನೊಂದು ಗೇಣು ಹಿಂದೆ. ಮೂರನೆಯದಕ್ಕೆ ಹೆಬ್ಬೆರಳು ಬೋರ್ಡಿನ ಅಂಚಿಗೆ ಸರಿಯಾಗಿ ಬಿತ್ತು, ಮರಳು ಎದ್ದು ನನ್ನ ಸೀರೆಗೂ ಬಂತು.

“ಆಂಟಿ, ಟೇಪ್ ಬಿಗಿಯಾಗಿ ಹಿಡ್ಕೊಳ್ಳಿ, ಹಿಂದಿನ ಗುರುತಿಂದ ಅಳೀಬೇಕು,” ಅಂತ ಬಗ್ಗಿ ನೋಡಿದಳು. “3.41.”

ಚಪ್ಪಲಿ ಎತ್ತಿಕೊಂಡು ಮತ್ತೆ ಹೆಜ್ಜೆ ಎಣಿಸಲು ಹೋದಳು.